ಒಂದೇ ಹುಳು, ನಾಲ್ಕು ಅಂಗ: ಸೂಜಿ ಕೆಳಗಿಟ್ಟ ಒಂದು ಪ್ರಕರಣ

ಚೀಟಿಯಲ್ಲಿ ಬರೆದಿದ್ದು ಒಂದೇ ಸಾಲು. ಲಿವರ್‌ನಲ್ಲಿ ಕೀವುಗಡ್ಡೆ ಇರಬಹುದು, ಸ್ಕ್ಯಾನ್ ನೋಡಿಕೊಂಡು ಸೂಜಿ ಹಾಕಿ ಕೀವು ತೆಗೆಯಿರಿ. ಮಧ್ಯಾಹ್ನವಾಗಿತ್ತು. ಹೊರಗೆ ಬೆಂಚಿನ ಮೇಲೆ ಇನ್ನೂ ತುಂಬಾ ಜನ ಕಾಯುತ್ತಿದ್ದರು. ನಮ್ಮ ಕಿರಿಯ ಡಾಕ್ಟರು ಆಗಲೇ ಟ್ರೇ ಸಜ್ಜು ಮಾಡಿದ್ದರು. ಉದ್ದನೆಯ ಸೂಜಿ, ಮರಗಟ್ಟಿಸುವ ಔಷಧಿ, ಕೀವು ಹಿಡಿಯಲು ಬಾಟಲಿ, ಎಲ್ಲ ಸಿದ್ಧವಾಗಿತ್ತು.

ನಾನು ಉತ್ತರ ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ರೇಡಿಯಾಲಜಿಸ್ಟ್. ಸ್ಕ್ಯಾನ್ ವಿಭಾಗದಲ್ಲಿ ಕೆಲಸ ಮಾಡುವ ಕಿರಿಯರಿಗೆ, ತಾಲೂಕು ಆಸ್ಪತ್ರೆಗಳಲ್ಲಿ ಎಕ್ಸ್‌ರೇ ನೋಡುವ ಡಾಕ್ಟರರಿಗೆ ಉಪಯೋಗವಾಗಲಿ ಅಂತ ಈ ಪ್ರಕರಣ ಬರೆಯುತ್ತಿದ್ದೇನೆ. ರೋಗಿಯ ಗುರುತು ಸಿಗಬಾರದು ಅಂತ ವಯಸ್ಸು, ಸಮಯ, ಮನೆಯ ಕೆಲವು ವಿವರ ಬದಲಿಸಿದ್ದೇನೆ.

ಆಕೆಗೆ ಸುಮಾರು 35 ವರ್ಷ. ಬಯಲುಸೀಮೆಯ ಕುರಿಗಾರರ ಮನೆ. ಸುಗ್ಗಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಊರೂರು ಸುತ್ತುತ್ತಾರೆ. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾರೆ. ಹೊಲಕ್ಕೆ ಗೊಬ್ಬರವಾಗುತ್ತದೆ, ಇವರಿಗೆ ಕಾಳೋ ದುಡ್ಡೋ ಸಿಗುತ್ತದೆ. ಅಲ್ಲೇ ಬಿಡಾರ, ಅಲ್ಲೇ ಒಲೆ, ಅಲ್ಲೇ ಮಕ್ಕಳು. ಕಾವಲಿಗೆ ನಾಯಿಗಳು.

ಕೆಮ್ಮು ಶುರುವಾಗಿ ಎಂಟು ತಿಂಗಳಾಗಿತ್ತು. ನಡುವೆ ಎರಡು ಮೂರು ಸಲ ಕಫದಲ್ಲಿ ರಕ್ತ ಕಂಡಿತ್ತು. ತೂಕ ಇಳಿದಿತ್ತು. ಎದೆಯ ಎಕ್ಸ್‌ರೇಯಲ್ಲಿ ಬಲಗಡೆ ಕೆಳಗೆ ಒಂದು ನೆರಳು. ಕಫವನ್ನು ಎರಡು ಸಲ ಪರೀಕ್ಷೆ ಮಾಡಿದಾಗಲೂ ಟಿಬಿ ಇಲ್ಲ ಅಂತ ಬಂತು. ಆದರೂ ಕೆಮ್ಮು, ರಕ್ತ, ತೂಕ, ನೆರಳು ನಾಲ್ಕೂ ಒಟ್ಟಿಗೆ ಇದ್ದರೆ ನಮ್ಮ ಕಡೆ ಮನಸ್ಸು ಮೊದಲು ಹೋಗುವುದು ಟಿಬಿಯ ಕಡೆಗೇ. ಅದು ತಪ್ಪಲ್ಲ. ಟಿಬಿ ಮಾತ್ರೆ ನಾಲ್ಕು ತಿಂಗಳು ನಡೆಯಿತು. ಏನೂ ಫರಕಾಗಲಿಲ್ಲ. ಆಮೇಲೆ ಬಲಗಡೆ ಪಕ್ಕೆಯ ಕೆಳಗೆ ಭಾರ, ಸಣ್ಣ ಜ್ವರ. ಬೇರೆ ಕಡೆ ಹೊಟ್ಟೆ ಸ್ಕ್ಯಾನ್ ಆಯಿತು. ಲಿವರ್‌ನಲ್ಲಿ ಗಡ್ಡೆ ಕಂಡಿತು. ಜ್ವರ ಇದೆ, ಗಡ್ಡೆ ಇದೆ, ಹಾಗಾದರೆ ಕೀವು ಅಂತ ತೀರ್ಮಾನವಾಗಿ ನಮ್ಮ ಹತ್ತಿರ ಬಂದರು.

ಸೂಜಿ ಹಾಕುವ ಮೊದಲು ನಾನೇ ಒಮ್ಮೆ ನೋಡುತ್ತೇನೆ ಅಂತ ಅಲ್ಟ್ರಾಸೌಂಡ್ ಯಂತ್ರದ ಪ್ರೋಬ್ ಹೊಟ್ಟೆಯ ಮೇಲೆ ಇಟ್ಟೆ. ಲಿವರ್‌ನ ಬಲಭಾಗದಲ್ಲಿ, ಎದೆ ಮತ್ತು ಹೊಟ್ಟೆಯ ನಡುವಿನ ವಪೆಗೆ ತಾಗಿಕೊಂಡೇ, 9 ಸೆಂಟಿಮೀಟರಿನ ದುಂಡನೆಯ ಗಡ್ಡೆ. ಕೀವುಗಡ್ಡೆಯ ಅಂಚು ಸಾಮಾನ್ಯವಾಗಿ ಇಷ್ಟು ನೇರ್ಪಾಗಿರುವುದಿಲ್ಲ. ಒಳಗೆ ಮಬ್ಬುಮಬ್ಬಾಗಿ ಗಸಿ ಕಾಣುತ್ತದೆ. ಇಲ್ಲಿ ಹಾಗಿರಲಿಲ್ಲ. ಗೋಡೆ ಸ್ಪಷ್ಟವಾಗಿತ್ತು. ಒಳಗೆ ಸಣ್ಣ ಸಣ್ಣ ನೀರಿನ ಗುಳ್ಳೆಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಜೇನುಹುಟ್ಟು ಕತ್ತರಿಸಿ ನೋಡಿದ ಹಾಗೆ. ದೊಡ್ಡ ಚೀಲದ ಹೊಟ್ಟೆಯೊಳಗೆ ಹತ್ತಾರು ಮರಿಚೀಲ.

ಟ್ರೇ ಪಕ್ಕಕ್ಕೆ ಇಡಿ ಅಂದೆ.

ನಾಯಿಯ ಪ್ರಶ್ನೆ

"ನಾಯಿ ಸಾಕಿದ್ದೀರಾ ಅಮ್ಮಾ?" ಅಂತ ಕೇಳಿದೆ.

ಆಕೆಗೆ ಆಶ್ಚರ್ಯವಾಯಿತು. ಹೊಟ್ಟೆನೋವಿಗೂ ನಾಯಿಗೂ ಏನು ಸಂಬಂಧ ಅಂತ ಗಂಡನ ಮುಖ ನೋಡಿದರು. ಆತ ಹೇಳಿದರು: "ನಾಯಿ ಇಲ್ದ ಕುರಿ ಹ್ಯಾಂಗ ಕಾಯೋದ್ರೀ? ಮೂರು ಅದಾವು."

"ಕುರಿ ಕಡಿದಾಗ ನಾಯಿಗೆ ಏನು ಹಾಕ್ತೀರಿ?"

"ಕರಳು, ಹೊಲಸು ಎಲ್ಲಾ ಅವಕ್ಕ ಒಗೀತೀವ್ರೀ. ಒಮ್ಮೊಮ್ಮೆ ಲಿವರ್‌ನ್ಯಾಗ ನೀರಿನ ಗುಳ್ಳಿ ಇರ್ತಾವಲ್ರೀ, ಅಂಥಾದ್ದು ನಾವು ತಿನ್ನಂಗಿಲ್ಲ. ಅದೂ ನಾಯಿಗೇ."

ಇಡೀ ರೋಗ ಆ ಒಂದು ಮಾತಿನಲ್ಲಿತ್ತು. ಆ ನೀರಿನ ಗುಳ್ಳೆಯೇ ಹೈಡಾಟಿಡ್ ಚೀಲ. ಎಕಿನೊಕಾಕಸ್ ಗ್ರ್ಯಾನುಲೋಸಸ್ ಅನ್ನುವ ಪುಟ್ಟ ಲಾಡಿಹುಳುವಿನ ಮರಿಗಳು ಅದರಲ್ಲಿರುತ್ತವೆ. ನಾಯಿ ಅದನ್ನು ತಿಂದರೆ ಮರಿಗಳು ನಾಯಿಯ ಕರುಳಿನಲ್ಲಿ ಬೆಳೆದು ಹುಳುವಾಗುತ್ತವೆ. ಬೆಳೆದ ಹುಳು ಕೆಲವೇ ಮಿಲಿಮೀಟರ್ ಉದ್ದ. ನಾಯಿಗೆ ಅದರಿಂದ ಹೆಚ್ಚೇನೂ ತೊಂದರೆಯಿಲ್ಲ, ಅದು ಚೆನ್ನಾಗೇ ಓಡಾಡಿಕೊಂಡಿರುತ್ತದೆ. ಹುಳುವಿನ ಮೊಟ್ಟೆ ನಾಯಿಯ ಹೇಲಿನಲ್ಲಿ ಹೊರಬಂದು ಹುಲ್ಲಿಗೆ, ಮಣ್ಣಿಗೆ, ನೀರಿಗೆ, ನಾಯಿಯ ಮೈಕೂದಲಿಗೆ ಸೇರುತ್ತದೆ. ಕುರಿ ಹುಲ್ಲಿನ ಜೊತೆ ತಿನ್ನುತ್ತದೆ. ಮನುಷ್ಯರು ಕೈಯಿಂದ, ತೊಳೆಯದ ಸೊಪ್ಪಿನಿಂದ, ನೀರಿನಿಂದ ನುಂಗುತ್ತಾರೆ.

ಗಂಡ ತಕ್ಷಣ ಕೇಳಿದ್ದು, "ಹಂಗಾದ್ರ ಮಟನ್ ತಿಂದಿದ್ದಕ್ಕ ಬಂದದ ಏನ್ರೀ?" ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ, ಅಲ್ಲ. ಆ ಗುಳ್ಳೆಯನ್ನು ಮನುಷ್ಯ ತಿಂದರೆ ಈ ರೋಗ ಬರುವುದಿಲ್ಲ. ಅದು ನಾಯಿಯ ಹೊಟ್ಟೆ ಸುತ್ತಿ ಮೊಟ್ಟೆಯಾಗಿ ಬಂದಾಗ ಮಾತ್ರ ಬರುತ್ತದೆ. ಹಾಗಾಗಿ ಮಾಂಸ ತಿನ್ನದವರಿಗೂ ಈ ರೋಗ ಬರುತ್ತದೆ.

ನುಂಗಿದ ಮೊಟ್ಟೆ ಕರುಳಿನಲ್ಲಿ ಒಡೆದು ಮರಿ ರಕ್ತಕ್ಕೆ ಇಳಿಯುತ್ತದೆ. ಕರುಳಿನ ರಕ್ತವೆಲ್ಲ ಮೊದಲು ಹೋಗುವುದು ಲಿವರ್‌ಗೆ. ಹೆಚ್ಚಿನವು ಅಲ್ಲೇ ಸಿಕ್ಕಿಕೊಳ್ಳುತ್ತವೆ, ಸುಮಾರು 70 ಶೇಕಡಾ. ಅಲ್ಲಿ ನುಸುಳಿದವು ಶ್ವಾಸಕೋಶದಲ್ಲಿ ಸಿಕ್ಕುತ್ತವೆ, ಸುಮಾರು 20 ಶೇಕಡಾ. ಎರಡೂ ಜರಡಿ ದಾಟಿದ ಕೆಲವು ಮಾತ್ರ ಸ್ಪ್ಲೀನ್ (ಗುಲ್ಮ), ಕಿಡ್ನಿ, ಮೂಳೆ, ಹೃದಯ, ಮೆದುಳು ಹೀಗೆ ಎಲ್ಲಿಗೆ ಬೇಕಾದರೂ ಹೋಗಬಹುದು. ಆಮೇಲೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತವೆ. ಈಕೆಗೆ ಆ ಮೊಟ್ಟೆ ಬಹುಶಃ ಚಿಕ್ಕಂದಿನಲ್ಲೇ ಹೊಟ್ಟೆಗೆ ಹೋಗಿರಬಹುದು.

ಅಷ್ಟು ಹೊತ್ತಿಗೆ ಕಿರಿಯ ಡಾಕ್ಟರು ಒಂದು ಒಳ್ಳೆ ಪ್ರಶ್ನೆ ಕೇಳಿದರು. ಹೈಡಾಟಿಡ್‌ಗೂ ಸೂಜಿ ಹಾಕುವ ಚಿಕಿತ್ಸೆ ಇದೆಯಲ್ಲ, ಪೇರ್ ಅಂತ? ಇದೆ. ಸ್ಕ್ಯಾನ್ ನೋಡುತ್ತಾ ಸೂಜಿ ಹಾಕುವುದು, ನೀರು ಎಳೆಯುವುದು, ಹುಳು ಸಾಯುವ ದ್ರವ ಒಳಗೆ ಬಿಡುವುದು, ಮತ್ತೆ ಎಳೆಯುವುದು. ಆದರೆ ಅದಕ್ಕೆ ಮುಂಚೆ ಹುಳುವಿನ ಮಾತ್ರೆ, ಆಲ್ಬೆಂಡಜೋಲ್, ಶುರುವಾಗಿರಬೇಕು. ಅಲರ್ಜಿಯ ಆಘಾತವಾದರೆ ಎದುರಿಸಲು ಅರಿವಳಿಕೆ ಡಾಕ್ಟರು ಪಕ್ಕದಲ್ಲಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಚೀಲ ಯಾವ ಹಂತದಲ್ಲಿದೆ ಅಂತ ಗೊತ್ತಿರಬೇಕು.

ಹಂತ ಅಂದರೇನು ಅಂತ ಇಲ್ಲಿ ಹೇಳಿಬಿಡುತ್ತೇನೆ. ಟ್ಯುನೀಷಿಯಾದ ಘರ್ಬಿ ಮತ್ತು ಅವರ ಸಂಗಡಿಗರು 1981ರಲ್ಲಿ ಅಲ್ಟ್ರಾಸೌಂಡ್ ಚಿತ್ರ ನೋಡಿ ಈ ಚೀಲಗಳನ್ನು ವಿಂಗಡಿಸಿದರು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು ಅದನ್ನು ತಿದ್ದಿ, 2003ರಲ್ಲಿ ಪ್ರಕಟಿಸಿತು. ಈಗ ನಾವು ಬಳಸುವುದು ಅದನ್ನೇ. ಸಿಇ ಅನ್ನುವುದು ಈ ರೋಗದ ಇಂಗ್ಲಿಷ್ ಹೆಸರು ಸಿಸ್ಟಿಕ್ ಎಕಿನೊಕಾಕೋಸಿಸ್‌ನ ಗಿಡ್ಡ ರೂಪ. ಸಿಇ1 ಅಂದರೆ ಬರೀ ನೀರು ತುಂಬಿದ ಒಂದೇ ಚೀಲ, ಗೋಡೆಯಲ್ಲಿ ಜೋಡಿ ಗೆರೆ. ಸಿಇ2 ಅಂದರೆ ಒಳಗೆಲ್ಲ ಮರಿಚೀಲ. ಸಿಇ3ಎ ಅಂದರೆ ಒಳಪೊರೆ ಗೋಡೆಯಿಂದ ಕಳಚಿಕೊಂಡು ನೀರಿನಲ್ಲಿ ತೇಲುತ್ತಿರುವುದು. ಸಿಇ3ಬಿ ಅಂದರೆ ಗಟ್ಟಿ ಗಸಿಯ ನಡುವೆ ಅಲ್ಲಲ್ಲಿ ಮರಿಚೀಲ. ಸಿಇ4ರಲ್ಲಿ ನೀರೆಲ್ಲ ಹೋಗಿ ಒಳಗೆ ನೂಲಿನ ಉಂಡೆಯ ಹಾಗೆ ಕಾಣುತ್ತದೆ. ಸಿಇ5ರಲ್ಲಿ ಗೋಡೆ ಸುಣ್ಣಗಟ್ಟಿರುತ್ತದೆ. ಸಿಇ1, ಸಿಇ2 ಚುರುಕಾಗಿರುವ ಚೀಲ, ಸಿಇ3 ನಡುವಿನ ಹಂತ, ಕೊನೆಯ ಎರಡು ಸಾಮಾನ್ಯವಾಗಿ ಸತ್ತವು.

ಪೇರ್ ಹೊಂದುವುದು ಸಿಇ1ಕ್ಕೆ, ಸಿಇ3ಎಗೆ. ಈಕೆಯದು ಸಿಇ2. ಮರಿಚೀಲಗಳೆಲ್ಲ ಬೇರೆ ಬೇರೆ ಕೋಣೆ ಇದ್ದ ಹಾಗೆ. ಒಂದು ಸೂಜಿ ಒಂದು ಕೋಣೆ ಖಾಲಿ ಮಾಡಬಹುದು, ಉಳಿದವು ಹಾಗೇ ಇರುತ್ತವೆ. ಸೋರಿದ ನೀರು ಹೊಟ್ಟೆಯೊಳಗೆ ಚೆಲ್ಲಿದರೆ ಅಲ್ಲೆಲ್ಲ ಹೊಸ ಚೀಲ ಹುಟ್ಟಬಹುದು. ಅವತ್ತು ಕೀವು ಅಂದುಕೊಂಡು, ಮಾತ್ರೆಯ ರಕ್ಷಣೆಯೂ ಇಲ್ಲದೆ ಸೂಜಿ ಹಾಕಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಯೋಚಿಸುತ್ತೇನೆ.

ಹಳೆ ಎಕ್ಸ್‌ರೇ ಮತ್ತೆ ನೋಡಿದಾಗ

ಲಿವರ್‌ನಲ್ಲಿ ಇದು ಕಂಡ ಮೇಲೆ ಎದೆಯ ನೆರಳು ಟಿಬಿ ಅಂತ ನಂಬುವುದು ಕಷ್ಟವಾಯಿತು. ಅವರ ಕೈಚೀಲದಲ್ಲಿದ್ದ ಎಕ್ಸ್‌ರೇಗಳನ್ನೆಲ್ಲ ತೆಗೆಸಿ ಸಾಲಾಗಿ ಹಚ್ಚಿ ನೋಡಿದೆ. ಎಂಟು ತಿಂಗಳ ಹಿಂದಿನದರಲ್ಲಿ ಬಲಗಡೆ ಕೆಳಗೆ ದುಂಡನೆಯ, ಅಂಚು ನುಣುಪಾದ ನೆರಳು. ಅದರ ತಲೆಯ ಮೇಲೆ ತೆಳ್ಳಗೆ ಬಿದಿಗೆ ಚಂದ್ರನಂಥ ಕಪ್ಪು ಗೆರೆ. ಹುಳುವಿನ ಚೀಲ ಮತ್ತು ದೇಹ ಅದರ ಸುತ್ತ ಕಟ್ಟಿದ ಗೋಡೆ, ಇವೆರಡರ ನಡುವೆ ಗಾಳಿ ನುಸುಳಿದಾಗ ಹೀಗೆ ಕಾಣುತ್ತದೆ. ಚೀಲ ಒಡೆಯಲು ತಯಾರಾಗುತ್ತಿದೆ ಅನ್ನುವ ಸೂಚನೆ ಅದು. ನಾಲ್ಕು ತಿಂಗಳ ನಂತರದ ಎಕ್ಸ್‌ರೇಯಲ್ಲಿ ಅದೇ ಜಾಗದಲ್ಲಿ ಮೇಲೆ ಗಾಳಿ, ಕೆಳಗೆ ನೀರು. ಆದರೆ ನೀರಿನ ಮಟ್ಟ ನೇರ ಗೆರೆಯಾಗಿರಲಿಲ್ಲ. ಏರಿಳಿತವಿತ್ತು. ಒಡೆದ ಒಳಪೊರೆ ನೀರಿನ ಮೇಲೆ ತೇಲುತ್ತಿತ್ತು. ಕೆರೆಯ ಮೇಲೆ ತಾವರೆ ತೇಲಿದ ಹಾಗೆ. ಪುಸ್ತಕಗಳಲ್ಲಿ ಇದಕ್ಕೆ ನೀರತಾವರೆ ಚಿಹ್ನೆ ಅಂತಲೇ ಹೆಸರು.

ಈ ಎರಡು ಎಕ್ಸ್‌ರೇಗಳ ನಡುವೆ ಏನಾಯಿತು ಅಂತ ಆಕೆಯನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಒಂದು ರಾತ್ರಿ ಬಿಡಾರದಲ್ಲಿ ಜೋರಾಗಿ ಕೆಮ್ಮು ಬಂತು. ಬಾಯಿ ತುಂಬ ಉಪ್ಪುಪ್ಪು ನೀರು ಬಂತು. ಅದರ ಜೊತೆ "ದ್ರಾಕ್ಷಿ ಸಿಪ್ಪಿ ಹಂಗ" ಬೆಳ್ಳಗಿನ ಏನೋ ಬಿತ್ತು. ಮೈಯೆಲ್ಲ ಗಂದೆ ಎದ್ದು ತುರಿಸಿತು. ಬೆಳಗಾಗುವಷ್ಟರಲ್ಲಿ ಸರಿಹೋಯಿತು.

"ಯಾರಿಗಾದರೂ ಹೇಳಿದ್ರಾ?"

"ಯಾರೂ ಕೇಳಲಿಲ್ರೀ."

ಆ ದ್ರಾಕ್ಷಿ ಸಿಪ್ಪೆಯೇ ಹುಳುವಿನ ಪೊರೆ. ಆ ಗಂದೆ ಚೀಲದ ನೀರಿಗೆ ಮೈ ತೋರಿಸಿದ ಅಲರ್ಜಿ. ಇದಕ್ಕಿಂತ ಸ್ಪಷ್ಟವಾಗಿ ರೋಗಿಯ ಬಾಯಿಂದ ರೋಗ ಹೇಳಿಸಲು ಆಗುವುದಿಲ್ಲ. ಅಲ್ವಾ? ನಾಲ್ಕು ತಿಂಗಳು ಈ ಮಾತು ಆಕೆಯ ಹತ್ತಿರವೇ ಉಳಿದಿತ್ತು. ಅಂದಿನಿಂದ ಶ್ವಾಸಕೋಶದಲ್ಲಿ ದುಂಡು ನೆರಳು ಕಂಡರೆ ನಮ್ಮ ವಿಭಾಗದಲ್ಲಿ ಎರಡು ಪ್ರಶ್ನೆ ತಪ್ಪದೆ ಕೇಳುತ್ತೇವೆ. ಮನೆಯಲ್ಲಿ ನಾಯಿ ಇದೆಯಾ? ಯಾವತ್ತಾದರೂ ಉಪ್ಪು ನೀರು ಕೆಮ್ಮಿದ್ದೀರಾ?

ಸಿಟಿಯಲ್ಲಿ ಕಂಡದ್ದು

ಎದೆ, ಹೊಟ್ಟೆ, ಕಿಬ್ಬೊಟ್ಟೆ ಮೂರೂ ಸೇರಿಸಿ ಸಿಟಿ ಸ್ಕ್ಯಾನ್ ಮಾಡಿದೆವು. ಎರಡು ಅಂಗದಲ್ಲಿ ಕಂಡಿದೆ ಅಂದರೆ ಮೂರನೆಯದನ್ನು ಹುಡುಕಲೇಬೇಕು.

ಬಲ ಶ್ವಾಸಕೋಶದ ಕೆಳಭಾಗದಲ್ಲಿ 6 ಸೆಂಟಿಮೀಟರಿನ ಒಡೆದ ಚೀಲ, ಒಳಗೆ ಸುರುಟಿಕೊಂಡ ಪೊರೆ. ಇದು ನಿರೀಕ್ಷಿಸಿದ್ದೇ. ಎಡ ಶ್ವಾಸಕೋಶದಲ್ಲಿ ನಿರೀಕ್ಷಿಸದ ಇನ್ನೊಂದಿತ್ತು. 4 ಸೆಂಟಿಮೀಟರ್, ಒಡೆದಿರಲಿಲ್ಲ. ಗುಂಡಗೆ, ನುಣ್ಣಗೆ, ಒಳಗೆ ಬರೀ ನೀರಿನ ಸಾಂದ್ರತೆ. ಎಕ್ಸ್‌ರೇಯಲ್ಲಿ ಹೃದಯದ ನೆರಳಿನ ಹಿಂದೆ ಅಡಗಿತ್ತು. ಲಿವರ್‌ನದು ಅಲ್ಟ್ರಾಸೌಂಡ್‌ನಲ್ಲಿ ಕಂಡ ಹಾಗೇ. ಮರಿಚೀಲಗಳ ನೀರು ತಾಯಿಚೀಲದ ನೀರಿಗಿಂತ ತೆಳು, ಹಾಗಾಗಿ ಸಿಟಿಯಲ್ಲಿ ಅವು ಸ್ವಲ್ಪ ಜಾಸ್ತಿ ಕಪ್ಪಾಗಿ ಕಾಣುತ್ತವೆ. ಸ್ಪ್ಲೀನ್‌ನಲ್ಲಿ 3 ಸೆಂಟಿಮೀಟರಿನ ಇನ್ನೊಂದು ಚೀಲ, ಸುತ್ತ ಮೊಟ್ಟೆಯ ಚಿಪ್ಪಿನ ಹಾಗೆ ಸುಣ್ಣ.

ಒಂದೇ ಹುಳು, ಒಂದೇ ದೇಹ. ಆದರೆ ಪ್ರತಿ ಅಂಗದಲ್ಲೂ ಚಿತ್ರ ಬೇರೆ. ಕಿರಿಯರಿಗೆ ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ. ಚೀಲ ಹೇಗೆ ಕಾಣುತ್ತದೆ ಅನ್ನುವುದರಲ್ಲಿ ಅದು ಕೂತ ಜಾಗದ್ದೂ ದೊಡ್ಡ ಪಾಲಿದೆ. ಶ್ವಾಸಕೋಶ ಸ್ಪಂಜಿನ ಹಾಗೆ ಮೆತ್ತಗೆ. ತಡೆಯುವವರಿಲ್ಲ. ಚೀಲ ಬೇಗ ದೊಡ್ಡದಾಗುತ್ತದೆ. ಸುತ್ತಲ ಗೋಡೆ ತೆಳುವಾಗಿರುತ್ತದೆ. ಮರಿಚೀಲ ಅಪರೂಪ, ಸುಣ್ಣಗಟ್ಟುವುದು ಇನ್ನೂ ಅಪರೂಪ. ಸುಣ್ಣ ಇಲ್ಲ, ಮರಿಚೀಲ ಇಲ್ಲ, ಹಾಗಾಗಿ ಹೈಡಾಟಿಡ್ ಅಲ್ಲ ಅಂತ ಶ್ವಾಸಕೋಶದಲ್ಲಿ ಹೇಳುವ ಹಾಗಿಲ್ಲ. ಲಿವರ್ ಗಟ್ಟಿ ಮಾಂಸ. ಅದು ಚೀಲದ ಸುತ್ತ ದಪ್ಪ ಗೋಡೆ ಕಟ್ಟುತ್ತದೆ. ಒತ್ತಡದಲ್ಲಿ ಮರಿಚೀಲ ಹುಟ್ಟುತ್ತವೆ, ವರ್ಷ ಕಳೆದಂತೆ ಗೋಡೆ ಸುಣ್ಣಗಟ್ಟುತ್ತದೆ. ಎಂಆರ್‌ಐನಲ್ಲಿ ಆ ಗೋಡೆ ನೀರಿನ ಸುತ್ತ ಕಪ್ಪು ಕಾಡಿಗೆಯ ಗೆರೆಯಂತೆ ಎದ್ದು ಕಾಣುತ್ತದೆ.

ಹೃದಯಕ್ಕೆ ಎಕೋ ಮಾಡಿಸಿದೆವು, ಏನೂ ಇರಲಿಲ್ಲ. ಆಪರೇಷನ್ ಮೇಜಿನ ಮೇಲೆ ಹೃದಯದ ಚೀಲ ಒಡೆದರೆ ಉಳಿಸುವುದು ಬಹಳ ಕಷ್ಟ, ಅದಕ್ಕೇ ಮೊದಲೇ ನೋಡಿಕೊಳ್ಳಬೇಕು. ತಲೆನೋವು, ಫಿಟ್ಸ್ ಏನೂ ಇಲ್ಲದ್ದರಿಂದ ಮೆದುಳಿನ ಸ್ಕ್ಯಾನ್ ಮಾಡಲಿಲ್ಲ. ಮೆದುಳಿನ ಹೈಡಾಟಿಡ್ ಜಾಸ್ತಿ ಕಾಣುವುದು ಮಕ್ಕಳಲ್ಲಿ. ಅಲ್ಲಿ ಅದು ದೊಡ್ಡ ಗುಂಡನೆಯ ನೀರಿನ ಚೆಂಡಿನ ಹಾಗಿರುತ್ತದೆ, ಅಷ್ಟು ದೊಡ್ಡದಿದ್ದರೂ ಸುತ್ತ ಬಾವು ಇರುವುದಿಲ್ಲ.

ರಕ್ತ ಪರೀಕ್ಷೆಯಲ್ಲಿ ಹೈಡಾಟಿಡ್‌ನ ಪ್ರತಿಕಾಯ ಇದೆ ಅಂತ ಬಂತು. ಬಾರದಿದ್ದರೂ ನಾನು ಮನಸ್ಸು ಬದಲಿಸುತ್ತಿರಲಿಲ್ಲ.

ಮೊದಲು ಯಾವುದು?

ಅತಿ ಕಷ್ಟದ ನಿರ್ಧಾರ ಬಂದಿದ್ದು ಇಲ್ಲಿ. ಹೊಟ್ಟೆಯ ಸರ್ಜನ್ ಹೇಳಿದರು, ಲಿವರ್‌ನ ಚೀಲ ಚುರುಕಾಗಿದೆ, ಇವತ್ತೇ ಆಲ್ಬೆಂಡಜೋಲ್ ಶುರು ಮಾಡೋಣ, ಆಮೇಲೆ ಆಪರೇಷನ್. ಲಿವರ್ ಒಂದನ್ನೇ ನೋಡಿದರೆ ಅದು ಸರಿಯಾದ ದಾರಿ. ಎದೆಯ ಸರ್ಜನ್ ಬೇಡ ಅಂದರು. ಎಡ ಶ್ವಾಸಕೋಶದ ಚೀಲ ಇನ್ನೂ ಒಡೆದಿಲ್ಲ. ಮಾತ್ರೆ ಪೊರೆಯನ್ನು ದುರ್ಬಲ ಮಾಡುತ್ತದೆ. ಶ್ವಾಸಕೋಶದಲ್ಲಿ ಗೋಡೆ ಮೊದಲೇ ತೆಳು. ಮನೆಯಲ್ಲಿ ಮಾತ್ರೆ ನುಂಗುತ್ತಿರುವಾಗ ಅದು ಒಡೆದರೆ? ಅದೂ ಆಸ್ಪತ್ರೆ ದೂರದ ಯಾವುದೋ ಹೊಲದ ಬಿಡಾರದಲ್ಲಿ?

ಇಬ್ಬರ ಮಾತೂ ಸರಿ. ಒಂದು ಅಂಗಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಅಪಾಯ. ಒಂದು ಗಂಟೆ ಚರ್ಚೆಯಾಯಿತು. ಎಡಗಡೆ ಆ 4 ಸೆಂಟಿಮೀಟರಿನ ಚೀಲ ಸಿಟಿಯಲ್ಲಿ ಕಾಣದೇ ಹೋಗಿದ್ದರೆ ಈ ಚರ್ಚೆಯೇ ನಡೆಯುತ್ತಿರಲಿಲ್ಲ, ಮಾತ್ರೆ ಅವತ್ತೇ ಶುರುವಾಗಿರುತ್ತಿತ್ತು.

ಕೊನೆಗೆ ಗೊತ್ತುಮಾಡಿದ ಕ್ರಮ ಹೀಗಿತ್ತು. ಮೊದಲು ಎಡ ಶ್ವಾಸಕೋಶ. ಮಾತ್ರೆ ಕೊಡದೆ, ಬೇಗ. ಅದು ಹೊರಬಂದ ಮೇಲೆ ಆಲ್ಬೆಂಡಜೋಲ್. ಬಲಗಡೆಯದು ಆಗಲೇ ಒಡೆದಿದೆ, ಅದಕ್ಕೆ ಮಾತ್ರೆಯ ಭಯವಿಲ್ಲ. ಆರು ವಾರ ಬಿಟ್ಟು ಬಲಗಡೆ ಎದೆ ತೆರೆದು ಒಂದೇ ಸಲಕ್ಕೆ ಶ್ವಾಸಕೋಶ ಮತ್ತು ಲಿವರ್ ಎರಡನ್ನೂ ಮುಗಿಸುವುದು. ಲಿವರ್‌ನ ಚೀಲ ವಪೆಗೆ ತಾಗಿಕೊಂಡಿದ್ದರಿಂದ ವಪೆಯನ್ನು ಸ್ವಲ್ಪ ಸೀಳಿ ಮೇಲಿನಿಂದಲೇ ಅದನ್ನು ತಲುಪಬಹುದಿತ್ತು. ಹೊಟ್ಟೆ ಬೇರೆ ಕೊಯ್ಯುವ ಅಗತ್ಯವಿರಲಿಲ್ಲ. ಸ್ಪ್ಲೀನ್‌ನದ್ದು ಸಿಇ5, ಮುಟ್ಟುವುದು ಬೇಡ, ವರ್ಷಕ್ಕೊಮ್ಮೆ ಸ್ಕ್ಯಾನ್ ಸಾಕು.

ಆಕೆಗೆ ಸ್ಪ್ಲೀನ್‌ನ ಚೀಲ ಬಿಡುತ್ತೇವೆ ಅಂದಾಗ ಸಮಾಧಾನವಾಗಲಿಲ್ಲ. "ಅದನ್ನ್ಯಾಕ ಬಿಡ್ತೀರಿ? ತೆಗದ್ಬಿಡ್ರೀ" ಅಂದರು. ಸತ್ತ ಹುಳು, ಸುಣ್ಣದ ಗೋರಿಯೊಳಗಿದೆ, ಅದಕ್ಕಾಗಿ ಸ್ಪ್ಲೀನ್ ಕಳೆದುಕೊಳ್ಳುವುದು ಬೇಡ ಅಂತ ಚಿತ್ರ ತೋರಿಸಿ ವಿವರಿಸಿದ ಮೇಲೆ ಒಪ್ಪಿದರು. ಕಂಪ್ಯೂಟರ್ ಪರದೆ ರೋಗಿಯ ಕಡೆ ತಿರುಗಿಸಿ ಐದು ನಿಮಿಷ ಕೂರುವುದನ್ನು ನಾನು ಕಲಿತದ್ದು ಇಂಥವರಿಂದ.

ಎಡಗಡೆಯ ಆಪರೇಷನ್ ಸಲೀಸಾಗಿ ಆಯಿತು. ಚೀಲದ ಸುತ್ತ 20 ಶೇಕಡಾ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ ಹಾಸಿ, ಒಂದು ಹನಿ ಚೆಲ್ಲದಂತೆ ತೆಗೆದರು. ಗರ್ಭ ಇಲ್ಲ ಅಂತ ಪರೀಕ್ಷೆ ಮಾಡಿಕೊಂಡು ಮಾತ್ರೆ ಶುರು ಮಾಡಿದೆವು. 400 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಊಟದ ಜೊತೆ. ಜಿಡ್ಡು ಇದ್ದರೆ ಈ ಮಾತ್ರೆ ಚೆನ್ನಾಗಿ ಮೈಗೆ ಹತ್ತುತ್ತದೆ. ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ತಿನ್ನಿ ಅಂದಾಗ ಆಕೆ ಮೊದಲ ಸಲ ನಕ್ಕರು.

ಎರಡನೆಯ ಆಪರೇಷನ್ನಿಗೆ ಮೊದಲು ಪಿತ್ತನಾಳಗಳ ಎಂಆರ್‌ಐ ನೋಡಿದೆವು. ಲಿವರ್‌ನ ಚೀಲ ಪಿತ್ತನಾಳಕ್ಕೆ ಬಾಯಿ ತೆರೆದಿದ್ದರೆ ಹುಳು ಸಾಯುವ ದ್ರವ ಒಳಗೆ ಬಿಡಬಾರದು, ನಾಳಗಳು ಸುಟ್ಟುಹೋಗುತ್ತವೆ. ನಾಳಗಳು ಹಿಗ್ಗಿರಲಿಲ್ಲ. ಆದರೆ ಚೀಲದ ಒಂದು ಕಡೆ ಸಣ್ಣ ನಾಳವೊಂದು ಗೋಡೆಗೆ ತೀರಾ ಹತ್ತಿರವಿತ್ತು. ವರದಿಯಲ್ಲಿ ಆ ಜಾಗವನ್ನು ಗುರುತು ಮಾಡಿ ಬರೆದೆ, ಸರ್ಜನ್‌ಗೆ ಫೋನ್ ಮಾಡಿಯೂ ಹೇಳಿದೆ. ಚೀಲ ಖಾಲಿ ಮಾಡಿದ ಮೇಲೆ ಅಲ್ಲೇ ಹಳದಿ ಹನಿ ಒಸರುತ್ತಿತ್ತು. ಒಂದು ಹೊಲಿಗೆ ಹಾಕಿದರು. ಹತ್ತನೇ ದಿನಕ್ಕೆ ಮನೆಗೆ ಹೋದರು. ಕೆಮ್ಮು ನಿಂತಿತ್ತು.

ನನ್ನ ಕಣ್ಣು ತಪ್ಪಿದ ಜಾಗ

ಐದು ತಿಂಗಳ ನಂತರ ಆಕೆ ಕುಂಟುತ್ತಾ ಬಂದರು. ಎಡಗಡೆ ಸೊಂಟದ ಕೆಳಗೆ ನೋವು. ಎಷ್ಟು ದಿನದಿಂದ ಅಂತ ಕೇಳಿದೆ. "ಮೊದಲಿನಿಂದನೂ ಸೆಳೀತಿತ್ರೀ. ನಡದೂ ನಡದೂ ಇರಬೇಕು ಅಂದ್ಕೊಂಡಿದ್ದೆ."

ಎಂಆರ್‌ಐ ಮಾಡಿದೆ. ಎಡ ಸೊಂಟದ ಮೂಳೆಯಲ್ಲಿ, ಬೆನ್ನುಮೂಳೆಗೆ ಸೇರುವ ಕೀಲಿನ ಹತ್ತಿರ, ಸಣ್ಣ ಸಣ್ಣ ನೀರಿನ ಗುಳ್ಳೆಗಳ ಗೊಂಚಲು. ಮೂಳೆಯ ಹೊರಗೆ ಪೃಷ್ಠದ ಸ್ನಾಯುವಿಗೂ ಸ್ವಲ್ಪ ಹಬ್ಬಿತ್ತು. ಹೊಟ್ಟೆಯಲ್ಲಿ ತಣ್ಣೀರು ಸುರಿದ ಹಾಗಾಯಿತು. ಹಳೆಯ ಸಿಟಿ ತೆಗೆದೆ. ಮೂಳೆ ನೋಡಲು ಬೇಕಾದ ಹಾಗೆ ಬೆಳಕು ಹೊಂದಿಸಿ ಅದೇ ಜಾಗಕ್ಕೆ ಹೋದೆ. ಇತ್ತು. 2 ಸೆಂಟಿಮೀಟರಿನಷ್ಟು ಜಾಗದಲ್ಲಿ ಮೂಳೆ ಸವೆದಿತ್ತು. ಮೊದಲ ದಿನವೇ ಅಲ್ಲಿತ್ತು. ನಾನು ನೋಡಿರಲಿಲ್ಲ.

ಹೇಗೆ ತಪ್ಪಿತು ಅಂತ ಅನೇಕ ಸಲ ಯೋಚಿಸಿದ್ದೇನೆ. ಅವತ್ತು ನಾನು ಹುಡುಕುತ್ತಿದ್ದುದು ದುಂಡನೆಯ ಚೀಲಗಳನ್ನು. ಶ್ವಾಸಕೋಶ, ಲಿವರ್, ಸ್ಪ್ಲೀನ್ ಮೂರರಲ್ಲೂ ಸಿಕ್ಕವು, ಮನಸ್ಸು ತೃಪ್ತಿಯಾಯಿತು. ಮೂಳೆಯಲ್ಲಿ ಈ ಹುಳು ದುಂಡಗೆ ಬೆಳೆಯುವುದೇ ಇಲ್ಲ. ಗಟ್ಟಿ ಮೂಳೆಯಲ್ಲಿ ಉಬ್ಬಲು ಜಾಗವಿಲ್ಲ. ದೇಹ ಅದರ ಸುತ್ತ ಗೋಡೆಯನ್ನೂ ಕಟ್ಟುವುದಿಲ್ಲ. ಅದು ಮೂಳೆಯ ಸಂದುಗಳಲ್ಲಿ ಬೇರಿನ ಹಾಗೆ ನುಸುಳುತ್ತಾ ಹೋಗುತ್ತದೆ. ಚಿತ್ರದಲ್ಲಿ ಮೂಳೆ ಟಿಬಿಯ ಹಾಗೆ, ಇಲ್ಲವೇ ಕ್ಯಾನ್ಸರ್ ಗಡ್ಡೆಯ ಹಾಗೆ ಕಾಣುತ್ತದೆ. ಶ್ವಾಸಕೋಶದ ವಿಷಯದಲ್ಲಿ ಕಿರಿಯರಿಗೆ ನಾನು ಹೇಳುತ್ತಿದ್ದ ಪಾಠವೇ ಇದು, ಅಂಗ ಬದಲಾದರೆ ರೂಪ ಬದಲಾಗುತ್ತದೆ ಅಂತ. ಮೂಳೆಯ ಹತ್ತಿರ ಬಂದಾಗ ನಾನೇ ಅದನ್ನು ಮರೆತೆ.

ಇನ್ನೊಂದು ಕಾರಣವೂ ಇತ್ತು. ಸೊಂಟ ಸೆಳೆಯುತ್ತದೆ ಅನ್ನುವುದು ಯಾವ ಚೀಟಿಯಲ್ಲೂ ಬರೆದಿರಲಿಲ್ಲ. ನಾನೂ ಕೇಳಲಿಲ್ಲ. ಉಪ್ಪು ನೀರಿನ ಬಗ್ಗೆ ಕೇಳಿದೆ, ನಾಯಿಯ ಬಗ್ಗೆ ಕೇಳಿದೆ. ಬೇರೆ ಎಲ್ಲಾದರೂ ನೋವಿದೆಯಾ ಅಂತ ಕೇಳಲಿಲ್ಲ.

ಆಕೆಗೆ, ಗಂಡನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಇದು ಮೊದಲೇ ಇತ್ತು, ನನಗೆ ಕಾಣಲಿಲ್ಲ ಅಂತ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಆತ ಕೇಳಿದ್ದು ಇಷ್ಟೇ: "ಈಗ ಏನ್ ಮಾಡೋದ್ರೀ?"

ಮೂಳೆಯ ಹೈಡಾಟಿಡ್ ಪೂರ್ತಿ ತೆಗೆಯುವುದು ಕಷ್ಟ. ಮೂಳೆ ಸರ್ಜನ್ ಕಂಡಷ್ಟು ಭಾಗ ಕೆರೆದು ತೆಗೆದರು. ಲ್ಯಾಬಿನಲ್ಲಿ ಪದರಪದರವಾದ ಪೊರೆ ಸಿಕ್ಕಿತು, ಅನುಮಾನ ಉಳಿಯಲಿಲ್ಲ. ಆಲ್ಬೆಂಡಜೋಲ್ ನಿಲ್ಲಿಸದೆ ಮುಂದುವರಿಯಿತು. ಈ ಮಾತ್ರೆ ಲಿವರ್‌ಗೆ, ಬಿಳಿ ರಕ್ತಕಣಗಳಿಗೆ ತೊಂದರೆ ಕೊಡಬಹುದು, ಹಾಗಾಗಿ ಆಗಾಗ ರಕ್ತ ಪರೀಕ್ಷೆ ಬೇಕು. ಮಂದೆಯ ಜೊತೆ ತಿರುಗುವವರಿಗೆ ಇದು ಸುಲಭವಲ್ಲ. ಹೋದ ಊರಿನ ತಾಲೂಕು ಆಸ್ಪತ್ರೆಯಲ್ಲಿ ರಕ್ತ ಕೊಟ್ಟು, ವರದಿಯ ಫೋಟೊ ಮೊಬೈಲಿಗೆ ಕಳಿಸುತ್ತಿದ್ದರು. ಒಮ್ಮೆ ಲಿವರ್‌ನ ಲೆಕ್ಕ ಏರಿತ್ತು. ಮೂರು ವಾರ ಮಾತ್ರೆ ನಿಲ್ಲಿಸಿ ಮತ್ತೆ ಶುರು ಮಾಡಿದೆವು. ಈಗ ಎರಡೂವರೆ ವರ್ಷವಾಗಿದೆ. ಮೂಳೆಯಲ್ಲಿ ಸಣ್ಣ ಉಳಿಕೆ ಇದೆ, ಬೆಳೆದಿಲ್ಲ. ಕುಂಟುವುದು ಕಡಿಮೆಯಾಗಿದೆ. ವಾಸಿಯಾಯಿತು ಅಂತ ನಾನು ಆಕೆಗೆ ಹೇಳಿಲ್ಲ. ಆರು ತಿಂಗಳಿಗೊಮ್ಮೆ ಎಂಆರ್‌ಐ ನಡೆಯುತ್ತಿದೆ.

ಈಗ ನಮ್ಮಲ್ಲಿ ಹೈಡಾಟಿಡ್ ಅಂತ ಬರೆದ ಪ್ರತಿ ಸಿಟಿಯನ್ನೂ ಮೂಳೆಗಾಗಿಯೇ ಇನ್ನೊಮ್ಮೆ, ಬೇರೆ ದಿನ, ಬೇರೆಯವರು ನೋಡುತ್ತಾರೆ.

ಮನೆಯ ಉಳಿದವರು

ಒಂದೇ ಬಿಡಾರ, ಒಂದೇ ನಾಯಿಗಳು. ಹಾಗಾದರೆ ಮನೆಯ ಉಳಿದವರು? ಲಿವರ್‌ನ ಸಣ್ಣ ಚೀಲ ವರ್ಷಗಟ್ಟಲೆ ನೋವು ಕೊಡುವುದಿಲ್ಲ. ಅಲ್ಟ್ರಾಸೌಂಡ್‌ಗೆ ಹೆಚ್ಚು ಖರ್ಚಿಲ್ಲ, ಸೂಜಿ ಇಲ್ಲ, ಹತ್ತು ನಿಮಿಷದ ಕೆಲಸ. ಒಂದು ಭಾನುವಾರ ಮನೆಯವರನ್ನೆಲ್ಲ ಕರೆಸಿದೆವು. ಗಂಡ, ಅತ್ತೆ, ಇಬ್ಬರು ಮಕ್ಕಳು, ಮೈದುನನ ಮನೆಯವರು.

ಹನ್ನೊಂದು ವರ್ಷದ ಮಗನ ಲಿವರ್‌ನಲ್ಲಿ 3 ಸೆಂಟಿಮೀಟರಿನ ಚೀಲ ಕಂಡಿತು. ಒಳಗೆ ಬರೀ ನೀರು. ಸುಮ್ನೆ ನೋಡಿದರೆ ಹುಟ್ಟಿನಿಂದ ಬರುವ ಸಾದಾ ನೀರಿನ ಚೀಲದ ಹಾಗೇ ಇತ್ತು. ಪ್ರೋಬ್ ಓರೆ ಮಾಡಿ ಗೋಡೆಯನ್ನು ದೊಡ್ಡದು ಮಾಡಿದಾಗ ಜೋಡಿ ಗೆರೆ ಕಂಡಿತು. ಹುಡುಗನನ್ನು ಮಗ್ಗುಲು ಬದಲಿಸಿ ಮಲಗಿಸಿದೆ. ಚೀಲದ ತಳದಲ್ಲಿ ಕೂತಿದ್ದ ಪುಡಿ ಹಿಮ ಉದುರಿದ ಹಾಗೆ ಎದ್ದು ತೇಲಿ ಮತ್ತೆ ಕೂತಿತು. ಹೈಡಾಟಿಡ್ ಮರಳು. ಸಿಇ1. ರಕ್ತ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂತು. ಈ ಹಂತದ ಚೀಲ ಬಿಗಿಯಾಗಿ ಮುಚ್ಚಿರುತ್ತದೆ, ಒಳಗಿನದು ಹೊರಗೆ ಸೋರುವುದು ಕಡಿಮೆ, ಹಾಗಾಗಿ ದೇಹಕ್ಕೆ ಅದರ ಸುಳಿವು ಸರಿಯಾಗಿ ಹತ್ತುವುದಿಲ್ಲ. ಎದೆಯ ಎಕ್ಸ್‌ರೇ ಮಾಡಿಸಿದೆವು, ಎಡಕ್ಕೂ ಬಲಕ್ಕೂ, ಹೃದಯದ ಹಿಂದೆಯೂ ನೋಡಿದೆವು. ಸ್ವಚ್ಛವಾಗಿತ್ತು. 5 ಸೆಂಟಿಮೀಟರಿಗಿಂತ ಚಿಕ್ಕ ಸಿಇ1ಕ್ಕೆ ಮಾತ್ರೆಯೊಂದೇ ಸಾಕಾಗುತ್ತದೆ. ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿ ಶುರು ಮಾಡಿದೆವು.

ನಾಯಿಗಳ ವಿಷಯಕ್ಕೆ ಪಶು ಡಾಕ್ಟರರನ್ನು ಕೂಡಿಸಿಕೊಂಡೆವು. ಪ್ರಾಜಿಕ್ವಾಂಟೆಲ್ ಮಾತ್ರೆ, ಆರು ವಾರಕ್ಕೊಮ್ಮೆ. ಕುರಿ ಕಡಿದಾಗ ನೀರುಗುಳ್ಳೆ ಇರುವ ಲಿವರ್, ಶ್ವಾಸಕೋಶ ನಾಯಿಗೆ ಹಾಕಬಾರದು. ನಾಯಿ ಕೆದಕದಷ್ಟು ಆಳಕ್ಕೆ ಹೂಳಬೇಕು, ಇಲ್ಲವೇ ಸುಡಬೇಕು. ನಾಯಿ ಮುಟ್ಟಿದ ಮೇಲೆ ಕೈ ತೊಳೆದೇ ಊಟ. ನ್ಯೂಜಿಲೆಂಡ್ 2002ರಲ್ಲಿ ಈ ರೋಗದಿಂದ ತಾತ್ಕಾಲಿಕವಾಗಿ ಮುಕ್ತ ಅಂತ ಘೋಷಿಸಿಕೊಂಡಿತು. ಅದೂ ಕುರಿಗಳ ನಾಡೇ. ಅಲ್ಲಿ ಅವರು ಗಟ್ಟಿಯಾಗಿ ಹಿಡಿದದ್ದು ಇದೇ ಎರಡು ಕೆಲಸ, ನಾಯಿಗೆ ಮದ್ದು ಮತ್ತು ನಾಯಿಗೆ ಹಸಿ ಕರುಳು ಹಾಕದಿರುವುದು. ನಮ್ಮಲ್ಲಿ ಒಂದು ಬಿಡಾರದಲ್ಲಿ ಮಾಡಿದರೆ ಸಾಲದು, ಪಕ್ಕದ ಮಂದೆಯ ನಾಯಿಯೂ ಅದೇ ಹೊಲದಲ್ಲಿ ಓಡಾಡುತ್ತದೆ. ಆಕೆಯ ಗಂಡ ಅದನ್ನು ನಮಗಿಂತ ಮೊದಲೇ ಅರ್ಥ ಮಾಡಿಕೊಂಡಿದ್ದರು. ಮುಂದಿನ ಸಲ ಬಂದಾಗ ತಮ್ಮ ಮೂರು ನಾಯಿಗೆ ಮಾತ್ರ ಅಲ್ಲ, ಜೊತೆಗೆ ತಿರುಗುವ ನಾಲ್ಕು ಮಂದೆಗಳ ನಾಯಿಗಳಿಗೂ ಮಾತ್ರೆ ಕೇಳಿದರು.

ಆರು ತಿಂಗಳಿಗೆ ಹುಡುಗನನ್ನು ಮತ್ತೆ ಮಲಗಿಸಿ ಪ್ರೋಬ್ ಇಟ್ಟೆ. ಚೀಲ 2 ಸೆಂಟಿಮೀಟರಿಗೆ ಇಳಿದಿತ್ತು. ಒಳಪೊರೆ ಗೋಡೆಯಿಂದ ಕಳಚಿ, ಸುರುಟಿಕೊಂಡು ನೀರಿನಲ್ಲಿ ತೇಲುತ್ತಿತ್ತು. ತಾಯಿ ಪಕ್ಕದಲ್ಲೇ ನಿಂತಿದ್ದರು. ಪರದೆ ಅವರ ಕಡೆ ತಿರುಗಿಸಿದೆ. "ಇದು ಒಡದದ, ಹೌದಲ್ರೀ?" ಅಂತ ಅವರೇ ಬೆರಳಿಟ್ಟು ತೋರಿಸಿದರು.